ಒಂದೇ ಮಾತನ್ನು ಎರಡೂ ಕಡೆ ಹೇಳಿ, ಆಮದಾರರೇ

ಮಾನ್ಯ ಶಾಸಕರಿಗೆ,
ಗೋವಾ ವಿಧಾನಸಭೆ, ಪರ್ವರಿ.

ನಮಸ್ಕಾರ.

ನಿಮ್ಮ ಹೆಸರನ್ನು ಇಲ್ಲಿ ಬರೆದಿಲ್ಲ. ಕ್ಷೇತ್ರದ ಹೆಸರನ್ನೂ ಬರೆದಿಲ್ಲ. ಹೆದರಿಕೆಯಿಂದ ಅಂತ ಅಂದುಕೊಳ್ಳಬೇಡಿ. ಸ್ವಲ್ಪ ಅದೂ ಇದೆ ಅನ್ನಿ. ಆದರೆ ಗೋವಾದಲ್ಲಿ ಇರೋದೇ 40 ಕ್ಷೇತ್ರ. ಹೆಸರು ಬರೆದರೆ ಉಳಿದ 39 ಜನ ಇದು ನಮಗಲ್ಲ ಅಂತ ಪಕ್ಕಕ್ಕಿಡುತ್ತಾರೆ. ಬರೆಯದಿದ್ದರೆ ನಾಲ್ಕಾರು ಜನರಾದರೂ ಇದು ನನಗೇ ಬರೆದದ್ದಿರಬೇಕು ಅಂತ ಯಾರಿಂದಲೋ ಓದಿಸಿಕೊಂಡಾರು. ಓದಿಸಿಕೊಂಡಾರು ಅಂದೆ, ಯಾಕೆಂದರೆ ನಿಮಗೆ ಕನ್ನಡ ಓದಲು ಬರುವುದಿಲ್ಲ. ಮಾತಾಡಲು ಮೂರು ವಾಕ್ಯ ಬರುತ್ತದೆ. ಅದನ್ನು ಮೊನ್ನೆ ರಾಜ್ಯೋತ್ಸವದ ವೇದಿಕೆಯಲ್ಲಿ ಕೇಳಿದೆ. "ಎಲ್ಲರಿಗೂ ನಮಸ್ಕಾರ. ಆರಾಮ ಅದೀರಿ? ಊಟ ಆತೇನ್ರಿ?" ಅಂದಿರಿ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಿಮ್ಮ ಕಚೇರಿಯಿಂದ ಮೂರನೇ ತಿರುವಿನಲ್ಲಿರುವ ಝೆರಾಕ್ಸ್ ಅಂಗಡಿಯವನು ನಾನು. ಝೆರಾಕ್ಸ್ ಅಂತ ಬೋರ್ಡಿದೆ ಅಷ್ಟೇ, ಹೊಟ್ಟೆ ತುಂಬೋದು ಅರ್ಜಿಗಳಿಂದ. ರೇಷನ್ ಕಾರ್ಡು, ಆಧಾರ್ ತಿದ್ದುಪಡಿ, ವಾಸದ ಸರ್ಟಿಫಿಕೇಟು, ಮಕ್ಕಳ ಸ್ಕಾಲರ್‌ಶಿಪ್ಪು, ಎಲ್ಲಕ್ಕೂ ಫಾರಂ ತುಂಬಿಕೊಡುತ್ತೇನೆ. 1993ರಲ್ಲಿ ಬಾದಾಮಿ ಕಡೆಯ ಒಂದು ಹಳ್ಳಿಯಿಂದ ಅವ್ವನ ಸೆರಗು ಹಿಡಿದುಕೊಂಡು ವಾಸ್ಕೋ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಒಂಬತ್ತು ವರ್ಷ. ಅವ್ವ ಇಪ್ಪತ್ತು ವರ್ಷ ಚಿರೆಕಲ್ಲು ಹೊತ್ತಳು. ಈಗ ಗೋವಾದಲ್ಲಿ ಎಷ್ಟು ಕಟ್ಟಡಕ್ಕೆ ಅವಳ ತಲೆಯ ಮೇಲಿಂದ ಕಲ್ಲು ಹೋಗಿದೆಯೋ ಅವಳಿಗೇ ಗೊತ್ತಿಲ್ಲ. ನಾನು ಕೊಂಕಣಿಯನ್ನು ಬೀದಿಯಲ್ಲಿ ಕಲಿತೆ. ನನ್ನ ಮಕ್ಕಳು ಜಗಳ ಆಡೋದೇ ಕೊಂಕಣಿಯಲ್ಲಿ, ಅಜ್ಜಿಯ ಹತ್ತಿರ ದುಡ್ಡು ಕೇಳುವಾಗ ಮಾತ್ರ ಕನ್ನಡ.

ಆ ದಿನ ನೀವು ಬರೆದುಕೊಂಡು ಬಂದ ಭಾಷಣ ಓದಲಿಲ್ಲ. ಹಾರ, ಶಾಲು, ಪೇಟ ಎಲ್ಲ ಮುಗಿದ ಮೇಲೆ ಮೈಕ್ ಹಿಡಿದು ಹಿಂದಿಯಲ್ಲಿ ಮನಸ್ಸು ಬಿಚ್ಚಿ ಮಾತಾಡಿದಿರಿ. ಪಂಚ್ ಆಗಿ ಶುರು ಮಾಡಿದ್ದು, ಸರ್ಪಂಚ್ ಆಗಿದ್ದು, ಆಮೇಲೆ ಆಮದಾರ್, ಅಂದರೆ ಶಾಸಕ, ಆಗಿದ್ದು ಹೇಳಿದಿರಿ. ಮೊದಲೆಲ್ಲ ಬಾಯಿಮಾತು ಕೊಟ್ಟರೂ ಜನ ನಂಬುತ್ತಿದ್ದರು, ಈಗ ಕಾಗದ ತೋರಿಸಿದರೂ ನಂಬಲ್ಲ ಅಂದಿರಿ. ತೊಂಬತ್ತೊಂಬತ್ತು ಕೆಲಸ ಮಾಡಿದರೂ ಆಗದ ಒಂದನ್ನೇ ಹಿಡಿದು ಕೂರುತ್ತಾರೆ ಅಂದಿರಿ. ಚುನಾವಣೆ ಬಂತೆಂದರೆ ಮುಖ ನೋಡೋದಕ್ಕಿಂತ ಮೊದಲು ಕೈ ನೋಡುತ್ತಾರೆ ಅಂದಿರಿ. ಕೊನೆಗೆ, ರಾಜಕೀಯದಲ್ಲಿ ದುಡ್ಡು ಸಿಗುತ್ತೆ, ಕುರ್ಚಿ ಸಿಗುತ್ತೆ, ನಂಬಿಕೆ ಮಾತ್ರ ಸಿಗಲ್ಲ ಅಂತ ಹೇಳಿ ಕೂತಿರಿ. ಸಭೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಡೊಳ್ಳಿನವರು ಶುರು ಮಾಡಿದರು.

ಅವತ್ತು ರಾತ್ರಿ ನನಗೆ ಆ ಮಾತು ತಲೆಯಿಂದ ಹೋಗಲಿಲ್ಲ. ಶಾಸಕರಾದವರು ಮೈಕಿನ ಮುಂದೆ ಹೀಗೆ ಒಪ್ಪಿಕೊಳ್ಳೋದು ಅಪರೂಪ. ಹಾಗಾಗಿ ನಿಮ್ಮ ಮಾತನ್ನು ಸುಮ್ನೆ ಬಿಡದೆ ಉತ್ತರ ಬರೆಯುತ್ತಿದ್ದೇನೆ. ನಂಬಿಕೆ ಎಲ್ಲಿ ಹೋಯಿತು ಅಂತ ನೀವು ಹುಡುಕುತ್ತಿದ್ದೀರಿ. ಅದು ಎಲ್ಲಿ ಬಿತ್ತು ಅಂತ ನನ್ನ ಅಂಗಡಿಯಿಂದ ಸ್ವಲ್ಪ ಮಟ್ಟಿಗೆ ಕಾಣುತ್ತದೆ.

ಮೊದಲು ನಿಮ್ಮ ಕಡೆಯ ಲೆಕ್ಕ. 2020ರ ಲಾಕ್‌ಡೌನಿನಲ್ಲಿ ಬಿಲ್ಡಿಂಗ್ ಕೆಲಸ ನಿಂತಿತು, ರೈಲು ನಿಂತಿತು, ಕಂತ್ರಾಟದಾರರು ಫೋನು ಬಂದ್ ಮಾಡಿದರು. ನಮ್ಮ ವಾಡ್ಯಕ್ಕೆ, ಅಂದರೆ ನಮ್ಮ ಕೇರಿಗೆ, ಮೊದಲು ಅಕ್ಕಿ ತಂದವರು ನೀವು. ಪ್ರತಿ ಚೀಲದ ಮೇಲೂ ನಿಮ್ಮ ಫೋಟೊ ಇತ್ತು, ಇರಲಿ. ಅಕ್ಕಿ ಮುಗಿದ ಮೇಲೆ ಆ ಚೀಲ ಬಿಚ್ಚಿ ಸೋರುವ ತಗಡಿನ ಕೆಳಗೆ ಕಟ್ಟಿದೆವು. ಎರಡು ಮಳೆಗಾಲ ನೀವು ನಮ್ಮ ಒಲೆಯ ಮೇಲಿಂದ ನಗುತ್ತಾ ನೋಡುತ್ತಿದ್ದಿರಿ. ಗದಗ ಕಡೆಯ ಹುಡುಗನೊಬ್ಬ ಸಾರವೆಯಿಂದ ಬಿದ್ದು ಸತ್ತಾಗ ನಡುರಾತ್ರಿ ಫೋನು ಎತ್ತಿ, ಹೆಣ ಊರಿಗೆ ಕಳಿಸಲು ಗಾಡಿ ಮಾಡಿಸಿದ್ದೂ ನೀವೇ. ಇದನ್ನು ಮರೆತವರು ನಮ್ಮಲ್ಲಿ ಯಾರೂ ಇಲ್ಲ.

ಈಗ ಚೀಟಿಯ ವಿಷಯ.

ನನ್ನ ಅಂಗಡಿಗೆ ಒಬ್ಬರು ಅಜ್ಜಿ ಬರುತ್ತಾರೆ. ಹುನಗುಂದ ಕಡೆಯವರು. ವಯಸ್ಸು 66. ಗೋವಾಕ್ಕೆ ಬಂದು ಮೂವತ್ತು ವರ್ಷ ದಾಟಿದೆ. ದಯಾನಂದ ಸಾಮಾಜಿಕ ಭದ್ರತಾ ಯೋಜನೆಯಲ್ಲಿ ವಯಸ್ಸಾದವರಿಗೆ ತಿಂಗಳಿಗೆ 2,000 ರೂಪಾಯಿ ಸಿಗುತ್ತದೆ ಅಂತ ಯಾರೋ ಹೇಳಿದರು. ಅದಕ್ಕೆ 15 ವರ್ಷ ಗೋವಾದಲ್ಲಿ ವಾಸವಿದ್ದದ್ದಕ್ಕೆ ದಾಖಲೆ ಬೇಕು. ಅಜ್ಜಿಯ ಹತ್ತಿರ ವೋಟರ್ ಕಾರ್ಡಿದೆ. ಮನೆ ನಂಬರ್ ಇಲ್ಲ. ಕರೆಂಟ್ ಬಿಲ್ಲು ಮನೆ ಮಾಲೀಕನ ಹೆಸರಿನಲ್ಲಿದೆ, ಅವನು ಒಂದು ಸಾಲು ಬರೆದುಕೊಡಲು ತಯಾರಿಲ್ಲ. ಆಗ ಕೌಂಟರಿನಲ್ಲಿ ಒಬ್ಬರು, ಆಮದಾರರ ಚೀಟಿ ತನ್ನಿ, ಆಗುತ್ತೆ ಅಂದರು.

ಅಜ್ಜಿ ನಿಮ್ಮ ಕಚೇರಿಗೆ ಮೊದಲ ಸಲ ಹೋದಾಗ ನೀವು ಪರ್ವರಿಯಲ್ಲಿದ್ದಿರಿ. ಎರಡನೇ ಸಲ ಪಂಚ್‌ನ ಕರೆದುಕೊಂಡು ಬನ್ನಿ ಅಂದರು. ಮೂರನೇ ಸಲ ನಾನೇ ಜೊತೆಗೆ ಹೋಗಿದ್ದೆ. ನಿಮ್ಮ ಪಿ.ಎ. ಅರ್ಜಿ ನೋಡಲಿಲ್ಲ. ಡ್ರಾಯರ್ ಎಳೆದು ಮತದಾರರ ಪಟ್ಟಿ ತೆಗೆದರು. ಬೂತ್ ಯಾವುದು ಅಂತ ಕೇಳಿದರು. ಬೆರಳಿಟ್ಟು ಹೆಸರು ಹುಡುಕಿದರು. ಪಕ್ಕದಲ್ಲಿ ಪೆನ್ಸಿಲಿನಿಂದ ಏನೋ ಗುರುತು ಹಾಕಿದರು. ನಾಳೆ ಬನ್ನಿ ಅಂದರು. ನಾಲ್ಕನೇ ಸಲ ಚೀಟಿ ಸಿಕ್ಕಿತು. ಒಳ್ಳೆಯ ದಪ್ಪ ಕಾಗದ, ಮೇಲೆ ಲಾಂಛನ, ಬಣ್ಣದ ಅಕ್ಷರ. ಇವರನ್ನು ನಾನು ಹಲವಾರು ವರ್ಷಗಳಿಂದ ವೈಯಕ್ತಿಕವಾಗಿ ಬಲ್ಲೆ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಅಜ್ಜಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಏನ್ ಬರದಾರ ಓದು ತಮ್ಮಾ ಅಂದರು. ಓದಿ ಹೇಳಿದೆ.

"ನನ್ನ ಬಲ್ಲರಂತ?" ಅಂತ ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ನಗುವ ಮಾತೇ ಆಗಿತ್ತು. ಯಾಕೆಂದರೆ ವೈಯಕ್ತಿಕವಾಗಿ ಬಲ್ಲ ಅಜ್ಜಿಯ ಹೆಸರನ್ನು ನಿಮ್ಮವರು ತಪ್ಪು ಟೈಪ್ ಮಾಡಿದ್ದರು. ಆಧಾರಿನಲ್ಲಿರುವ ಹೆಸರಿಗೆ ತಾಳೆ ಆಗಲಿಲ್ಲ ಅಂತ ಮಾಮಲೇದಾರ್ ಕಚೇರಿಯಿಂದ ಅರ್ಜಿ ವಾಪಸ್ ಬಂತು. ಐದನೇ ಸಲ ನಿಮ್ಮ ಕಚೇರಿಯ ಬೆಂಚು. ದಿನಗೂಲಿ ಬಿಟ್ಟು ಐದು ದಿನ. ವಾಪಸ್ ಬರುವಾಗ ಅಜ್ಜಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಓಟ್ ಹಾಕಾಕ ನಾ ಗೋವಾದಾಕಿ. ಪಗಾರ ಕೇಳಿದ್ರ ನಾ ಘಾಟಿ ಏನಪಾ?"

ಘಾಟಿ ಅಂದರೆ ಘಟ್ಟದ ಆಚೆಯಿಂದ ಬಂದವರು ಅಂತ ಇಲ್ಲಿ ನಮ್ಮನ್ನು ಹೀಯಾಳಿಸಲು ಬಳಸುವ ಪದ, ನಿಮಗೆ ಗೊತ್ತು. ಅದನ್ನು ಅಜ್ಜಿ ತನ್ನ ಬಾಯಿಂದ ತಾನೇ ಹೇಳಿಕೊಂಡದ್ದು ನನಗೆ ಜಾಸ್ತಿ ಚುಚ್ಚಿತು.

ಕೊನೆಗೂ ಅಜ್ಜಿಗೆ ಪಿಂಚಣಿ ಆಯಿತು. ನಿಮ್ಮ ತೊಂಬತ್ತೊಂಬತ್ತು ಕೆಲಸದಲ್ಲಿ ಅದೂ ಒಂದು ಅಂತ ನೀವು ಎಣಿಸಿರುತ್ತೀರಿ. ಆದರೆ ಅದು ಸರ್ಕಾರದ ನಿಯಮದ ಪ್ರಕಾರ ಅವರಿಗೆ ಸಿಗಬೇಕಾದದ್ದೇ ಅಲ್ವಾ? ಸಿಗಬೇಕಾದದ್ದನ್ನು ನಿಮ್ಮ ಬಾಗಿಲಿನ ಮೂಲಕ ತಿರುಗಿಸಿಕೊಟ್ಟಿರಿ. ಗೃಹಿಣಿಯರಿಗೆ ತಿಂಗಳಿಗೆ ಕೊಡುವ ಗೃಹ ಆಧಾರ್ ಯೋಜನೆಯ 1,500 ರೂಪಾಯಿ ಕೇಳಲು ಬರುವ ಹೆಣ್ಣುಮಕ್ಕಳದ್ದೂ ಇದೇ ಕಥೆ. ಹೀಗೆ ಚೀಟಿ ಪಡೆದವರು ನಿಮ್ಮ ಋಣದಲ್ಲಿ ಇರುತ್ತಾರೆ. ಎದುರಿಗೆ ಸಿಕ್ಕರೆ ಕೈ ಮುಗಿಯುತ್ತಾರೆ. ನೀವು ಅದನ್ನೇ ನಂಬಿಕೆ ಅಂತ ಎಣಿಸಿದ್ದೀರಿ. ಸಾಲಗಾರ ಸಾಹುಕಾರನಿಗೂ ಕೈ ಮುಗಿಯುತ್ತಾನೆ.

ನಿಮ್ಮ ಪಿ.ಎ. ಪೆನ್ಸಿಲಿನಿಂದ ಗುರುತು ಹಾಕಿದ್ದು ಯಾಕೆ ಅಂತ ನನಗೆ ಅರ್ಥವಾಗದ್ದಲ್ಲ. ನಮ್ಮ ಊರ ಕಡೆ ಒಬ್ಬ ಶಾಸಕರಿಗೆ ಎರಡು ಲಕ್ಷ ಮತದಾರರು. ಇಲ್ಲಿ ಸರಾಸರಿ ಮೂವತ್ತು ಸಾವಿರದ ಆಸುಪಾಸು. 2022ರ ಚುನಾವಣೆಯಲ್ಲಿ ಮುಖ್ಯಮಂತ್ರಿಗಳೇ ಸಾಂಖಳಿಯಲ್ಲಿ ಗೆದ್ದದ್ದು 666 ಮತಗಳಿಂದ. ಸೇಂಟ್ ಆಂದ್ರೆಯಲ್ಲಿ ಅಂತರ ಬರೀ 76. ನಮ್ಮ ವಾಡ್ಯದ ಒಂದು ಚಾಳಿನಲ್ಲೇ ಅದಕ್ಕಿಂತ ಜಾಸ್ತಿ ಓಟಿದೆ. ಇಷ್ಟು ಚಿಕ್ಕ ಕ್ಷೇತ್ರದಲ್ಲಿ ಶಾಸಕರು ಪ್ರತಿ ಮನೆಯ ಮದುವೆಗೂ ಬರಬಹುದು, ಸಾವಿಗೂ ಬರಬಹುದು. ನೀವು ಬರುತ್ತೀರಿ ಕೂಡ. ಇದರಲ್ಲೊಂದು ತೊಂದರೆ ಇದೆ. ಇಷ್ಟು ಚಿಕ್ಕ ಜಾಗದಲ್ಲಿ ಒಂದು ಮನೆಯಲ್ಲಿ ಹೇಳಿದ್ದು ಇನ್ನೊಂದು ಮನೆಗೆ ಕೇಳುತ್ತದೆ.

ನಾನು ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ.

2022ರ ಫೆಬ್ರವರಿ ಚುನಾವಣೆಗೆ ಮೊದಲು ನಿಮ್ಮ ಕರಪತ್ರಗಳು ನನ್ನ ಅಂಗಡಿಯಲ್ಲೇ ಪ್ರಿಂಟ್ ಆದವು. ಒಂದು ಕನ್ನಡದ್ದು: ‘ನಿಮ್ಮ ಮನೆ, ನನ್ನ ಹೊಣೆ’. ಆ ಸಾಲು ಬರೆದುಕೊಟ್ಟವನು ನಾನೇ, ನಿಮ್ಮವರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದೆ. ಇನ್ನೊಂದು ಕೊಂಕಣಿಯದ್ದು, ದೇವನಾಗರಿಯಲ್ಲಿ: ‘ಗೋಂಯ್ ಗೋಂಯ್ಕಾರಾಂಚೆಂ’. ಗೋವಾ ಗೋವಾದವರದ್ದು ಅಂತ. ಕೆಳಗೆ ಹೊರಗಿನವರು ಹಾಕಿಕೊಂಡ ಅಕ್ರಮ ಮನೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿಸುತ್ತೇನೆ ಅನ್ನೋ ಭರವಸೆ. ಎರಡಕ್ಕೂ ಒಂದೇ ಮಿಷನ್, ಒಂದೇ ರೀಮಿನ ಕಾಗದ, ಒಂದೇ ಟೋನರ್. ಬಿಲ್ಲೂ ಒಂದೇ. ಅದು ಇನ್ನೂ ಬಾಕಿ ಇದೆ, ಆ ಮಾತು ಬೇರೆ. ಕನ್ನಡದ್ದನ್ನು ನಮ್ಮ ವಾಡ್ಯದಲ್ಲಿ ಹಂಚಿದರು. ಕೊಂಕಣಿಯದ್ದನ್ನು ರಸ್ತೆಯ ಆಚೆ ಹಂಚಿದರು. ನಡುವೆ ಇರೋದು ಹತ್ತು ಹೆಜ್ಜೆಯ ರಸ್ತೆ.

ರಸ್ತೆಯ ಆಚೆ ಹಳೆಯ ಕಾಲದ ಒಂದು ಮನೆಯಿದೆ. ಅಲ್ಲಿ ಒಬ್ಬ ಅಂಕಲ್ ಇದ್ದಾರೆ, ರಿಟೈರ್ಡ್ ತಾರ್ವಟ್ಟಿ. ಹಡಗಿನಲ್ಲಿ ದುಡಿದು ಬಂದವರು. ಸಂಜೆ ಹೊತ್ತು ಬಾಗಿಲ ಮುಂದಿನ ಬಲ್ಕಾಂವ್‌ನಲ್ಲಿ, ಆ ಕಲ್ಲಿನ ಆಸನದಲ್ಲಿ, ಕೂತಿರುತ್ತಾರೆ. ಪೆನ್ಷನ್ ಕಾಗದದ ಝೆರಾಕ್ಸ್ ತೆಗೆಸಲು ನನ್ನ ಹತ್ತಿರ ಬರುತ್ತಾರೆ. ನನ್ನನ್ನು ಪುತಾ, ಅಂದರೆ ಮಗನೇ, ಅಂತ ಕರೆಯುತ್ತಾರೆ, ಸಿಟ್ಟು ಬಂದಾಗ ನಮ್ಮವರನ್ನೆಲ್ಲ ಬಯ್ಯುತ್ತಾರೆ. ಗುಡ್ಡ ಕಡಿದು ಮನೆ ಮಾಡಿದರು, ಬಾವಿ ನೀರು ಕೆಡಿಸಿದರು ಅಂತ. ಅದರಲ್ಲಿ ಸುಳ್ಳಿಲ್ಲ. ಅವರ ಊರು ಅವರ ಕಣ್ಣೆದುರಿಗೇ ಬದಲಾಯಿತು. ನಮ್ಮ ಹಳ್ಳಿಗೆ ಹಾಗೆ ಆಗಿದ್ದರೆ ನನಗೂ ಸಿಟ್ಟು ಬರುತ್ತಿತ್ತು.

ಚುನಾವಣೆ ಮುಗಿದು ಸುಮಾರು ದಿನ ಆದ ಮೇಲೆ ಒಂದು ಸಂಜೆ ಅಂಕಲ್ ಎರಡೂ ಕರಪತ್ರಗಳನ್ನು ಬಲ್ಕಾಂವ್ ಮೇಲೆ ಪಕ್ಕ ಪಕ್ಕ ಇಟ್ಟು, ಈ ಕನ್ನಡದ್ದು ಏನು ಹೇಳುತ್ತೆ, ತುಂ ಸಾಂಗ್ ಪುತಾ ಅಂದರು. ನಾನು ಓದಿ ಹೇಳಿದೆ. ಅವರು ಕೊಂಕಣಿಯದ್ದನ್ನು ಓದಿ ಹೇಳಿದರು. ನಾನದನ್ನು ನೂರಾರು ಪ್ರತಿ ತೆಗೆದವನು, ಆದರೂ ಅವರ ಬಾಯಿಂದ ಕೇಳಿದಾಗ ಬೇರೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ಅವರೂ ನಿಮಗೆ ಓಟು ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ. ಈ ಮನುಷ್ಯ ಘಾಟಿಗಳಿಗೆ ಮನೆ ಮಾಡಿಕೊಡುತ್ತಾನೆ ಅಂತ ಅವರು ಹಾಕಲಿಲ್ಲ. ಈ ಮನುಷ್ಯ ನಮ್ಮ ಮನೆ ಒಡೆಸುತ್ತಾನೆ ಅಂತ ನಾನು ಹಾಕಲಿಲ್ಲ. ನೋಡಿ ಶಾಸಕರೇ, ಇಬ್ಬರೂ ನಿಮ್ಮ ಮಾತನ್ನು ನಂಬಿದೆವು. ಆದರೆ ನಮಗೆ ಹೇಳಿದ ಮಾತನ್ನಲ್ಲ, ರಸ್ತೆಯ ಆಚೆ ಇದ್ದವನಿಗೆ ಹೇಳಿದ ಮಾತನ್ನು.

ಇದು ನಿಮ್ಮೊಬ್ಬರ ಚಾಳಿ ಅಂತ ನಾನು ಹೇಳುತ್ತಿಲ್ಲ. 2021ರ ಜುಲೈ 30ರಂದು ನೀವೆಲ್ಲ ಕೂತಿದ್ದ ಸದನದಲ್ಲೇ ಭೂಮಿಪುತ್ರ ಮಸೂದೆ ಪಾಸಾಯಿತು. 30 ವರ್ಷ ಗೋವಾದಲ್ಲಿ ಇದ್ದವರು, 2019ರ ಏಪ್ರಿಲ್ 1ಕ್ಕೆ ಮೊದಲು ಕಟ್ಟಿಕೊಂಡ 250 ಚದರ ಮೀಟರ್ ವರೆಗಿನ ಮನೆಗೆ ಹಕ್ಕು ಕೇಳಬಹುದು ಅಂತ. ಮಳೆಗಾಲದ ಅಧಿವೇಶನದ ಕೊನೆಯ ದಿನ, ವಿರೋಧ ಪಕ್ಷದವರು ಎದ್ದು ಹೋದ ಮೇಲೆ, ಅವಸರದಲ್ಲಿ. ಅವತ್ತು ರಾತ್ರಿ ನಮ್ಮ ವಾಡ್ಯದಲ್ಲಿ ಲೆಕ್ಕವೋ ಲೆಕ್ಕ. ಯಾರು ಯಾವ ವರ್ಷ ಬಂದರು, ಯಾರ ಹತ್ತಿರ ಹಳೆಯ ರೇಷನ್ ಕಾರ್ಡಿದೆ. ನಮ್ಮ ಮನೆಗೆ 30ಕ್ಕೆ ಎರಡು ವರ್ಷ ಕಮ್ಮಿ ಬಿತ್ತು, ಅವ್ವ ಬೇಜಾರು ಮಾಡಿಕೊಂಡಳು. ಭೂಮಿಪುತ್ರ ಅನ್ನೋ ಹೆಸರು ನಮ್ಮದು ಅಂತ ಆದಿವಾಸಿ ಸಮುದಾಯದವರು ಎದ್ದರು. ಹೊರಗಿನವರಿಗೆ ಗೋವಾ ಬರೆದುಕೊಡುತ್ತಿದ್ದಾರೆ ಅಂತ ಉಳಿದವರು ಎದ್ದರು. ಕೆಲವೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಮಸೂದೆ ಕಾನೂನಾಗಲೇ ಇಲ್ಲ. ಅವ್ವ ಬೇಜಾರು ಮಾಡಿಕೊಂಡಿದ್ದು ದಂಡ. ಸದನದಲ್ಲಿ ಪಾಸಾದದ್ದೂ ಉಳಿಯಲ್ಲ ಅಂತ ನಾವು ಕಲಿತೆವು. ರಾತ್ರೋರಾತ್ರಿ ಏನು ಬೇಕಾದರೂ ಪಾಸಾಗುತ್ತೆ ಅಂತ ಅಂಕಲ್ ಕಲಿತರು.

2025ರಲ್ಲೂ ಅದೇ ತೂಗುಯ್ಯಾಲೆ. ಮಾರ್ಚಿನಲ್ಲಿ ರಸ್ತೆ ಬದಿಯ, ಗದ್ದೆಯ ಅಕ್ರಮ ಕಟ್ಟಡಗಳ ಮೇಲೆ ಕ್ರಮ ತಗೊಳ್ಳಿ ಅಂತ ಹೈಕೋರ್ಟು ಹೇಳಿತು. 2004ರ ಮಳೆಗಾಲದಲ್ಲಿ ವಾಸ್ಕೋದ ಬೈನಾ ತೀರಕ್ಕೆ ಬುಲ್ಡೋಜರ್ ಬಂದದ್ದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಒಂದು ವಾರ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆಮೇಲೆ ಮಳೆಗಾಲದ ಅಧಿವೇಶನದಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಅಕ್ಟೋಬರಿನಲ್ಲಿ ‘ಮ್ಹಜೆಂ ಘರ್’, ನನ್ನ ಮನೆ, ಅಂತ ಯೋಜನೆ ಶುರುವಾಯಿತು. 2014ರ ಫೆಬ್ರವರಿ 28ಕ್ಕೆ ಮೊದಲಿನ ಮನೆಗಳನ್ನು ಸಕ್ರಮ ಮಾಡಬಹುದು ಅಂತ. ನಮ್ಮ ವಾಡ್ಯ ಇರೋದು ಕೋಮುನಿದಾದ್ ಜಾಗದಲ್ಲಿ, ಅಂದರೆ ಊರಿನ ಮೂಲ ಮನೆತನಗಳ ಸಂಘದ ಜಾಗದಲ್ಲಿ. ಹಲವು ಕೋಮುನಿದಾದ್‌ಗಳು ಇದನ್ನು ವಿರೋಧಿಸಿವೆ. ಜಾಗ ಅವರದ್ದು, ಕೇಳುವ ಹಕ್ಕು ಅವರಿಗಿದೆ. ಹಾಗಾದರೆ ನಮ್ಮ ಮನೆಗಳು ಈ ಯೋಜನೆಯ ಒಳಗೆ ಬರುತ್ತವೋ ಇಲ್ಲವೋ? ಈ ಒಂದು ಪ್ರಶ್ನೆಯನ್ನು ನಿಮ್ಮ ಕಚೇರಿಯಲ್ಲಿ ಮೂರು ಸಲ ಕೇಳಿದೆ. ನೋಡೋಣ, ಮಾಡೋಣ, ನಾನಿದ್ದೀನಲ್ಲ ಅಂದಿರಿ. ನೀವಿದ್ದೀರಿ, ಸಂತೋಷ. ಮನೆ ಇರುತ್ತದೆಯೋ ಅಂತ ಕೇಳಿದ್ದು.

ಪಕ್ಷ ಬದಲಿಸುವ ವಿಷಯವನ್ನು ಬೇಗ ಮುಗಿಸುತ್ತೇನೆ, ಅದನ್ನು ಎಲ್ಲರೂ ಬರೆದಾಗಿದೆ. 2017ರಲ್ಲಿ 17 ಸ್ಥಾನ ಗೆದ್ದ ಕಾಂಗ್ರೆಸ್ ಪಕ್ಷದಿಂದ 2019ರ ಜುಲೈನಲ್ಲಿ ಉಳಿದಿದ್ದ 15ರಲ್ಲಿ 10 ಜನ ಒಂದೇ ದಿನ ಎದ್ದು ಹೋದರು. 2022ರ ಜನವರಿಯಲ್ಲಿ ಅದೇ ಪಕ್ಷ ತನ್ನ ಅಭ್ಯರ್ಥಿಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಣಜಿಯ ಮಹಾಲಕ್ಷ್ಮಿ ಗುಡಿ, ಬಾಂಬೋಳಿಯ ಶಿಲುಬೆ, ಬೆತಿಯ ದರ್ಗಾ, ಮೂರೂ ಕಡೆ ಆಣೆ ಮಾಡಿಸಿತು. ಸೆಪ್ಟೆಂಬರ್ 14ಕ್ಕೆ ಗೆದ್ದಿದ್ದ 11 ಜನರಲ್ಲಿ 8 ಜನ ಹೋದರು. ಅವರಲ್ಲೊಬ್ಬರು, ದೇವರನ್ನು ಮತ್ತೆ ಕೇಳಿದೆ, ನಿನಗೆ ಸರಿ ಕಂಡದ್ದು ಮಾಡು ಅಂದ ಅಂತ ಹೇಳಿದರು. ಏಳೇ ಜನ ಹೋಗಿದ್ದರೆ ಕುರ್ಚಿ ಹೋಗುತ್ತಿತ್ತು. ಪಕ್ಷಾಂತರ ತಡೆಯಲು 1985ರಲ್ಲಿ ಕಾನೂನು ತಂದರು, 2003ರಲ್ಲಿ ಮೂರನೇ ಒಂದರಷ್ಟು ಜನ ಒಡೆದು ಹೋಗುವ ಬಾಗಿಲು ಮುಚ್ಚಿದರು, ಮೂರನೇ ಎರಡರಷ್ಟು ಜನ ಸೇರಿ ವಿಲೀನ ಅನ್ನುವ ಬಾಗಿಲು ಹಾಗೆಯೇ ಬಿಟ್ಟರು. 15ರಲ್ಲಿ ಸರಿಯಾಗಿ 10. 11ಕ್ಕೆ 8. ದೇವರು ಕೂಡ ಲೆಕ್ಕದಲ್ಲಿ ಗಟ್ಟಿ ಅಂತಾಯಿತು. ನೀವು ಆ ಪಟ್ಟಿಗಳಲ್ಲಿ ಇದ್ದಿರೋ ಇಲ್ಲವೋ ಅನ್ನೋದನ್ನು ನಾನು ಇಲ್ಲಿ ಎತ್ತುವುದಿಲ್ಲ. ದೇವರನ್ನು ಕೇಳುವವರು ಓಟು ಹಾಕಿದವರನ್ನೂ ಒಂದು ಮಾತು ಕೇಳಬಹುದಿತ್ತು ಅಂತ ಮಾತ್ರ ಹೇಳುತ್ತೇನೆ. ದೇವರಿಗಿಂತ ನಮ್ಮ ಮನೆ ಹತ್ತಿರ.

ನಮ್ಮ ತಪ್ಪನ್ನೂ ಬರೆಯದಿದ್ದರೆ ನಾನೂ ನಿಮ್ಮ ಹಾಗೆಯೇ ಆದೆ. ಚುನಾವಣೆಯ ಹಿಂದಿನ ರಾತ್ರಿ ಲಕೋಟೆ ತಗೊಂಡವರು ನಮ್ಮಲ್ಲಿ ಇದ್ದಾರೆ. ಎರಡು ಕಡೆಯಿಂದ ತಗೊಂಡವರೂ ಇದ್ದಾರೆ. 2025ರ ನವೆಂಬರಿನಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾದ ಮೇಲೆ ನನ್ನ ಅಂಗಡಿಯ ಮುಂದೆ ಬೆಳಗ್ಗೆ ಏಳಕ್ಕೇ ಸಾಲು. 2002ರ ಪಟ್ಟಿಯಲ್ಲಿ ತಮ್ಮ ಹೆಸರೋ ಅಪ್ಪ ಅವ್ವನ ಹೆಸರೋ ಹುಡುಕಲು ಬಂದರು. ಹುಡುಕುತ್ತಾ ಹೋದರೆ ಕೆಲವರ ಹೆಸರು ಇಲ್ಲೂ ಇದೆ, ಊರಲ್ಲೂ ಇದೆ. ಪಂಚಾಯ್ತಿ ಚುನಾವಣೆಗೆ ಊರಿನ ಮುಖಂಡ ಗಾಡಿ ಕಳಿಸುತ್ತಾನೆ, ಹೋಗಿ ಹಾಕುತ್ತಾರೆ. ಆಮದಾರ್ ಚುನಾವಣೆಗೆ ಇಲ್ಲಿ ಹಾಕುತ್ತಾರೆ. ಒಬ್ಬರಿಗೆ ಬೈದೆ. ಅವರು ಹೇಳಿದರು, ನಾಳೆ ಇಲ್ಲಿಂದ ಓಡಿಸಿದರೆ ಊರಲ್ಲಾದರೂ ಹೆಸರಿರಲಿ ಅಣ್ಣಾ ಅಂತ. ಇದು ಕಾನೂನಿಗೆ ತಪ್ಪು, ಸಮರ್ಥಿಸುವುದಿಲ್ಲ. ಒಂದು ಕಡೆ ತೆಗೆಸಿ ಅಂತ ಬಂದವರಿಗೆಲ್ಲ ಹೇಳುತ್ತಿದ್ದೇನೆ, ಫಾರಂ ತುಂಬಿಕೊಡುತ್ತಿದ್ದೇನೆ, ಅದಕ್ಕೆ ದುಡ್ಡು ತಗೊಳ್ಳುತ್ತಿಲ್ಲ. ನೀವು ಎರಡು ಮಾತು ಇಟ್ಟುಕೊಂಡಿರಿ, ನಾವು ಎರಡು ಓಟು ಇಟ್ಟುಕೊಂಡೆವು. ನಾವು ಒಂದನ್ನು ಬಿಡುತ್ತಿದ್ದೇವೆ.

ನೀವೂ ಒಂದನ್ನು ಬಿಡಬೇಕು ಅನ್ನೋದೇ ನನ್ನ ಕೋರಿಕೆ.

ಜನವರಿಯಲ್ಲಿ ಭಾನುವಾರ ಗ್ರಾಮಸಭೆ ಇರುತ್ತದೆ. ನಮ್ಮ ಪಂಚಾಯತ್ತಿನ ಗ್ರಾಮಸಭೆಗೆ ಕನ್ನಡದವರು ಹೋಗೋದು ಕಮ್ಮಿ. ಹೋದರೂ ಹಿಂದೆ ನಿಲ್ಲುತ್ತಾರೆ. ಮಹದಾಯಿ ನೀರಿನ ಗಲಾಟೆ ಪತ್ರಿಕೆಯಲ್ಲಿ ಬಂದ ವಾರವಂತೂ ಬಾಯಿ ಬಿಡಲ್ಲ, ಬಾಯಿ ಬಿಟ್ಟರೆ ನೀರು ಕದಿಯೋರು ಬಂದರು ಅಂತಾರೆ. ಈ ಸಲ ನಾವು ಬರುತ್ತೇವೆ, ಮುಂದೆ ಕೂರುತ್ತೇವೆ. ನೀವೂ ಬನ್ನಿ. ಶಾಸಕರಾಗಿ ಬೇಡ, ಈ ಹಳ್ಳಿಯ ಮತದಾರರಾಗಿಯೇ ಬನ್ನಿ, ನಿಮ್ಮ ಹೆಸರೂ ಇದೇ ಪಟ್ಟಿಯಲ್ಲಿದೆ. ಬಂದು ಎಲ್ಲರ ಎದುರಿಗೆ, ಕೊಂಕಣಿಯಲ್ಲಿ, ಒಂದೇ ಸಲ ಹೇಳಿ. ನಮ್ಮ ವಾಡ್ಯದ ಯಾವ ಮನೆ ಉಳಿಯಬೇಕು ಅಂತ ನಿಮ್ಮ ಅಭಿಪ್ರಾಯ? ಯಾವುದು ಉಳಿಯಬಾರದು? ಹೊಸದಾಗಿ ಗುಡ್ಡ ಕಡಿಯುವವರನ್ನು, ಹಾಗೆ ಕಡಿದು ಬಾಡಿಗೆಗೆ ಕೊಡುವ ದೊಡ್ಡವರನ್ನು, ತಡೆಯುತ್ತೀರಾ? ಬಾವಿಯ ನೀರು ಕೆಡದ ಹಾಗೆ ಗಟಾರ ಮಾಡಿಸುತ್ತೀರಾ? ಇದು ಅಂಕಲ್ ಕೇಳುವ ಪ್ರಶ್ನೆ, ನನ್ನದೂ ಹೌದು, ಆ ಬಾವಿಯ ನೀರು ನಮ್ಮ ಮಕ್ಕಳೂ ಕುಡಿದು ಬೆಳೆದದ್ದು. ನಿಮ್ಮ ಉತ್ತರ ನಮಗೆ ಕಹಿ ಆಗಬಹುದು. ಆಗಲಿ. ರಾಜ್ಯೋತ್ಸವದ ವೇದಿಕೆಯಲ್ಲಿ ಕುಟುಂಬ ಅನ್ನಿಸಿಕೊಂಡು ರಸ್ತೆಯ ಆಚೆ ಲೆಕ್ಕಕ್ಕೆ ಸಿಗೋದಕ್ಕಿಂತ, ಎದುರಿಗೇ ಇಲ್ಲ ಅನ್ನಿಸಿಕೊಳ್ಳೋದು ಮೇಲು. ಇಲ್ಲ ಅಂದರೆ ಕೋರ್ಟಿಗೆ ಹೋಗಬೇಕೋ, ಬಾಡಿಗೆ ಮನೆ ನೋಡಬೇಕೋ ನಾವು ಯೋಚನೆ ಮಾಡುತ್ತೇವೆ. ನೋಡೋಣ ಮಾಡೋಣ ಅಂದರೆ ಏನೂ ಮಾಡಲು ಆಗಲ್ಲ. ಮಗಳ ಮದುವೆಗೆ ಅಂತ ಇಟ್ಟ ದುಡ್ಡಿನಲ್ಲಿ ತಗಡು ತೆಗೆದು ಸ್ಲಾಬ್ ಹಾಕಿಸಬೇಕೋ ಬೇಡವೋ ಅಂತ ನಾಲ್ಕು ವರ್ಷದಿಂದ ಕಾಯುತ್ತಿರುವ ಮನೆಗಳಿವೆ.

ಚೀಟಿಯನ್ನು ದಯವಿಟ್ಟು ನಿಲ್ಲಿಸಿ. ಅದರ ಬದಲು ಯಾವ ಯೋಜನೆಗೆ ಯಾವ ಕಾಗದ ಬೇಕು, ಎಷ್ಟು ದಿನದಲ್ಲಿ ಆಗಬೇಕು, ಆಗದಿದ್ದರೆ ಯಾರನ್ನು ಕೇಳಬೇಕು ಅಂತ ನಿಮ್ಮ ಕಚೇರಿಯ ಗೋಡೆಗೆ ಅಂಟಿಸಿ. ಕನ್ನಡದಲ್ಲಿ ನಾನು ಬರೆದುಕೊಡುತ್ತೇನೆ, ಪ್ರಿಂಟೂ ಹಾಕಿಕೊಡುತ್ತೇನೆ. ವಾಸದ ದಾಖಲೆ ಇಲ್ಲದ ಬಾಡಿಗೆದಾರರಿಗೆ ವೋಟರ್ ಪಟ್ಟಿಯಲ್ಲಿ ಎಷ್ಟು ವರ್ಷದಿಂದ ಹೆಸರಿದೆ ಅನ್ನೋದನ್ನೇ ಸಾಕ್ಷಿ ಅಂತ ಒಪ್ಪಿ ಅಂತ ಸದನದಲ್ಲಿ ಒಂದು ಪ್ರಶ್ನೆ ಕೇಳಿ. ಆ ಪಟ್ಟಿ ನಿಮ್ಮ ಪಿ.ಎ. ಡ್ರಾಯರಿನಲ್ಲೇ ಇದೆ, ಹುಡುಕಬೇಕಾಗಿಲ್ಲ. ಇನ್ನೊಂದು ಮಾತು. ಮುಂದಿನ ಚುನಾವಣೆ 2027ರ ಆರಂಭದಲ್ಲಿ. ಅದರ ಮೊದಲೋ ಆಮೇಲೋ ಪಕ್ಷ ಬದಲಿಸುವ ಯೋಚನೆ ಬಂದರೆ, ಅದೇ ಗ್ರಾಮಸಭೆಗೆ ಬಂದು ಹೇಳಿ ಹೋಗಿ. ಒಪ್ಪಿಗೆ ಕೊಡುತ್ತೇವೋ ಇಲ್ಲವೋ, ಟಿವಿಯಲ್ಲಿ ನೋಡಿ ತಿಳಿದುಕೊಂಡ ಬೇಜಾರಾದರೂ ತಪ್ಪುತ್ತದೆ.

ಅಂಕಲ್‌ಗೆ ಈ ಪತ್ರವನ್ನು ಕೊಂಕಣಿಯಲ್ಲಿ ಓದಿ ಹೇಳಿದ್ದೇನೆ. ಘಾಟಿ ಅನ್ನೋ ಪದ ಬಂದ ಕಡೆ ಕೆಮ್ಮಿದರು. ಬಾವಿಯ ವಿಷಯ ಇನ್ನೂ ಸ್ವಲ್ಪ ಗಟ್ಟಿಯಾಗಿ ಬರೆಯಬೇಕಿತ್ತು ಅಂದರು. ಗ್ರಾಮಸಭೆಗೆ ಅವರೂ ಬರುತ್ತಾರೆ, ಅವರ ಮೊಣಕಾಲು ನೋವು, ಕುರ್ಚಿ ನಾನು ಅಂಗಡಿಯಿಂದ ತರುತ್ತೇನೆ. ಎರಡೂ ಕರಪತ್ರ ಅವರ ಜೇಬಿನಲ್ಲಿ ಇರುತ್ತವೆ.

ಬಿಲ್ಲಿನ ವಿಷಯವನ್ನು ಸಭೆಯಲ್ಲಿ ಎತ್ತುವುದಿಲ್ಲ, ಅದನ್ನು ಕಚೇರಿಗೇ ತಂದು ಕೊಡುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ,
ಮೂರನೇ ತಿರುವಿನ ಝೆರಾಕ್ಸ್ ಅಂಗಡಿಯವನು